ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್‌ಗೆ ಹೋಗೋರಿಗೆ: ಮೊದಲು ಡಿ ಡ್ರೈವ್, ಆಮೇಲೆ ಮಿಕ್ಕಿದ್ದು

ನಮ್ಮ ಅತ್ತಿಗೆ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಅವರ ಹತ್ತಿರ 2016ರಲ್ಲಿ ತಗೊಂಡ ಲ್ಯಾಪ್‌ಟಾಪ್ ಒಂದಿದೆ. 6ನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, ಹಳೇ ಕಾಲದ ತಿರುಗೋ ಹಾರ್ಡ್ ಡಿಸ್ಕ್. ಆನ್ ಮಾಡಿ, ಅಡುಗೆಮನೆಗೆ ಹೋಗಿ, ಸಾರಿಗೆ ಒಗ್ಗರಣೆ ಹಾಕಿ ಬಂದರೂ ಆ ಚುಕ್ಕಿಗಳು ಇನ್ನೂ ಸುತ್ತುತ್ತಾ ಇರುತ್ತಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್‌ಗಳು ನಿಂತವು. 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಮೇಲಿನದೇ ಆಗಬೇಕು. ಅತ್ತಿಗೆ ಫೋನ್ ಮಾಡಿ ಕೇಳಿದರು, "ಇದನ್ನ ಗುಜರಿಗೆ ಹಾಕ್ಬೇಕೇನೋ?"

ಬೇಡ ಅಂದೆ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ತಿರುಗೋ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಿಕೊಟ್ಟೆ. ಇದಕ್ಕೂ ಮುಂಚೆ ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡಿದ್ದೆ, ಅದನ್ನೂ ಹೇಳುತ್ತೇನೆ. ಒಂದು ಮಾತು ಮೊದಲೇ ತಿಳಿದಿರಲಿ. ಲಿನಕ್ಸ್ ಹಾಕೋದು ಅರ್ಧ ಗಂಟೆಯ ಕೆಲಸ. ನಿಮ್ಮ ಫೈಲುಗಳನ್ನೂ ನಿಮ್ಮ ಕನ್ನಡವನ್ನೂ ಕ್ಷೇಮವಾಗಿ ಆ ಕಡೆ ದಾಟಿಸೋದಕ್ಕೆ ಎರಡು ಮೂರು ವಾರ ಬೇಕು. ಜನ ಅರ್ಧ ಗಂಟೆಯ ಕೆಲಸಕ್ಕೇ ಹೆದರಿಕೊಂಡು ಕೂತಿರುತ್ತಾರೆ, ಆ ಮೂರು ವಾರದ ಕೆಲಸವನ್ನು ಯಾರೂ ಲೆಕ್ಕಕ್ಕೇ ತಗೊಳ್ಳೋದಿಲ್ಲ.

ಮಿಂಟೇ ಯಾಕೆ ಅಂತ ಕೇಳಿದರೆ, ನೋಡೋಕೆ ವಿಂಡೋಸ್ ಥರಾನೇ ಇದೆ, ಅಷ್ಟೇ. ಕೆಳಗೆ ಪಟ್ಟಿ, ಎಡಗಡೆ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. 2006ರಿಂದ ಬರುತ್ತಿದೆ, ಉಬುಂಟು ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, ದುಡ್ಡು ಕೊಡಬೇಕಾಗಿಲ್ಲ. ಮಿಂಟ್ 22ರ ಸರಣಿಗೆ 2029ರ ತನಕ ಅಪ್‌ಡೇಟ್ ಇದೆ. ಮಿಂಟ್ ಮೂರು ಬಗೆಯಲ್ಲಿ ಸಿಗುತ್ತದೆ. ರ್‍ಯಾಮ್ 8 ಜಿಬಿ ಇದ್ದರೆ ಸಿನಮನ್ ತಗೊಳ್ಳಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ. ಮೂರನೆಯದು ಮಾಟೆ, ಅದೂ ಚೆನ್ನಾಗಿದೆ, ಆದರೆ ಆರಿಸೋಕೆ ತಲೆ ಕೆಡಿಸಿಕೊಳ್ಳಬೇಡಿ. ಈಗಲೇ ಬದಲಾಯಿಸೋಕೆ ಮನಸ್ಸಿಲ್ಲ ಅನ್ನೋರಿಗೆ ವಿಂಡೋಸ್ 10ರ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಸೇರಿಕೊಂಡರೆ 2026ರ ಅಕ್ಟೋಬರ್ 13ರ ತನಕ ಕಾಲ ತಳ್ಳಬಹುದು. ಆ ಸಮಯವನ್ನು ತಯಾರಿಗೆ ಬಳಸಿಕೊಂಡರೆ ಒಳ್ಳೆಯದು.

ಯಾರು ಹೋಗಬಾರದು

ಟ್ಯಾಲಿಯಲ್ಲಿ ದಿನಾ ಲೆಕ್ಕ ಬರೆಯೋರು ಹೋಗಬೇಡಿ. ಅದು ವಿಂಡೋಸ್‌ಗೆಂದೇ ಮಾಡಿದ್ದು. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸಿನಲ್ಲಿ ಓಡಿಸೋ ವೈನ್ ಅನ್ನೋ ಸಾಧನ ಹಾಕಿ ಓಡಿಸ್ತೀನಿ ಅಂತ ಹೊರಟು ಮಾರ್ಚ್ ಕೊನೆಯಲ್ಲಿ ಕೈ ಕೈ ಹಿಸುಕಿಕೊಳ್ಳೋದು ಬೇಡ. ಡಿಟಿಪಿ ಅಂಗಡಿಯವರು, ಅಂದರೆ ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪಿನಲ್ಲಿ ಲಗ್ನಪತ್ರಿಕೆ ಮಾಡೋರು, ಇವು ಮೂರಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಇವೆ ನಿಜ. ಆದರೆ ನಿಮ್ಮ ಹಳೇ ಫೈಲುಗಳು ಅವುಗಳಲ್ಲಿ ನೆಟ್ಟಗೆ ತೆರೆಯೋದಿಲ್ಲ, ಮುಹೂರ್ತ ನೀವು ಕಲಿಯೋ ತನಕ ಕಾಯೋದೂ ಇಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ರಿಟರ್ನ್ ಸಲ್ಲಿಸೋರು ಒಂದು ವಿಂಡೋಸ್ ಮಷೀನನ್ನು ಇಟ್ಟುಕೊಂಡೇ ಇರಿ. ಎಕ್ಸೆಲ್‌ನಲ್ಲಿ ದೊಡ್ಡ ದೊಡ್ಡ ಮ್ಯಾಕ್ರೋ ಬರೆದುಕೊಂಡಿರೋರೂ ಅಷ್ಟೇ. ಮನೆಯಲ್ಲಿ ವ್ಯಾಲರಂಟ್ ಆಡೋ ಹುಡುಗ ಇದ್ದರೆ ಅವನ ಲ್ಯಾಪ್‌ಟಾಪ್ ಮುಟ್ಟಬೇಡಿ, ಆ ಆಟದ ಮೋಸ ತಡೆಯೋ ವ್ಯವಸ್ಥೆ ಲಿನಕ್ಸಿನಲ್ಲಿ ಓಡೋದಿಲ್ಲ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಅಂತೂ ಕೇಳಲೇಬೇಡಿ, ಅದು ನಿಮ್ಮದಲ್ಲ.

ಇವರನ್ನು ಬಿಟ್ಟರೆ ಬ್ರೌಸರ್, ಟೈಪಿಂಗ್, ಲೆಕ್ಕದ ಹಾಳೆ, ಯೂಟ್ಯೂಬ್, ವಾಟ್ಸಾಪ್ ವೆಬ್, ಜೂಮ್, ಮೀಟ್, ಮಕ್ಕಳ ಫೋಟೋ ಅಂತ ಬಳಸೋ ಜನಾನೇ ಜಾಸ್ತಿ. ಅವರಿಗೆಲ್ಲ ಆರಾಮಾಗಿ ಸಾಕು.

ವಿಂಡೋಸಿನಲ್ಲಿ ಇರುವಾಗಲೇ ಅಭ್ಯಾಸ ಮಾಡಿಕೊಳ್ಳಿ

ಈ ಉಪಾಯ ನನಗೆ ತಡವಾಗಿ ಹೊಳೆಯಿತು. ಲಿನಕ್ಸಿನಲ್ಲಿ ಬಳಸಬೇಕಾದ ಸಾಫ್ಟ್‌ವೇರ್‌ಗಳೇ ವಿಂಡೋಸಿನಲ್ಲೂ ಓಡುತ್ತವೆ: ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ, ಗಿಂಪ್, ಥಂಡರ್‌ಬರ್ಡ್. ಈಗಿರೋ ವಿಂಡೋಸಿನಲ್ಲೇ ಅವನ್ನು ಹಾಕಿಕೊಂಡು ಮೂರು ವಾರ ಅವುಗಳಲ್ಲೇ ಕೆಲಸ ಮಾಡಿ. ವರ್ಡ್ ಐಕಾನನ್ನು ಎದುರಿನಿಂದ ತೆಗೆದುಬಿಡಿ. ಯಾವ ಫೈಲ್ ಕೆಟ್ಟದಾಗಿ ತೆರೆಯುತ್ತದೆ, ಯಾವ ಬಟನ್ ಎಲ್ಲಿದೆ, ಎಲ್ಲಾ ಆಗಲೇ ಗೊತ್ತಾಗುತ್ತದೆ. ಆಮೇಲೆ ಲಿನಕ್ಸಿಗೆ ಹೋದಾಗ ಮನೆ ಬದಲಾದರೂ ಪಾತ್ರೆ ಪಗಡ ಅವೇ ಇದ್ದ ಹಾಗೆ ಇರುತ್ತದೆ. ಒಂದೇ ದಿನ ಎರಡನ್ನೂ ಬದಲಾಯಿಸಿದವರು ನಾಲ್ಕನೇ ದಿನ ವಿಂಡೋಸಿಗೆ ವಾಪಸ್ ಓಡಿಹೋಗಿದ್ದನ್ನು ನೋಡಿದ್ದೇನೆ.

ಡಿ ಡ್ರೈವ್ ಅನ್ನೋ ಭ್ರಮೆ

ಈಗ ನನ್ನ ಕೈ ಸುಟ್ಟ ಕಥೆ. ನಮ್ಮಲ್ಲಿ ಎಲ್ಲರಿಗೂ ಒಂದು ನಂಬಿಕೆ ಇದೆ ಅಲ್ವಾ, ಮುಖ್ಯವಾದದ್ದನ್ನೆಲ್ಲ ಡಿ ಡ್ರೈವಿನಲ್ಲಿ ಇಡಬೇಕು, ಸಿ ಹೋದರೂ ಡಿ ಉಳಿಯುತ್ತದೆ ಅಂತ. ರಿಪೇರಿ ಅಂಗಡಿಯವರು "ಫಾರ್ಮ್ಯಾಟ್ ಮಾಡ್ಬೇಕು ಸಾರ್, ಡಿಯಲ್ಲಿ ಇರೋದು ಏನೂ ಆಗಲ್ಲ" ಅಂತ ಹೇಳಿ ಹೇಳಿ ಅದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅವರು ಹೇಳೋದು ಸುಳ್ಳಲ್ಲ, ಅವರು ಅಳಿಸೋದು ಸಿ ಭಾಗ ಮಾತ್ರ. ಆದರೆ ಮಿಂಟ್ ಹಾಕುವಾಗ "ಡಿಸ್ಕ್ ಅಳಿಸಿ ಮಿಂಟ್ ಹಾಕು" ಅನ್ನೋ ಆಯ್ಕೆ ಬರುತ್ತದೆ. ಅದರಲ್ಲಿ ಡಿಸ್ಕ್ ಅಂದರೆ ಇಡೀ ಡಿಸ್ಕ್. ಸಿ, ಡಿ, ಇ ಎಲ್ಲವೂ ಒಂದೇ ತಟ್ಟೆಯ ತುಂಡುಗಳು. ನಾನು ಅದನ್ನು ಒತ್ತಿದೆ. ಅಣ್ಣನ ಮದುವೆ ಫೋಟೋಗಳು ಡಿಯಲ್ಲಿದ್ದವು. ಅರ್ಧದಷ್ಟು ಚಿಕ್ಕಮ್ಮನ ಮಗನ ಪೆನ್‌ಡ್ರೈವಿನಲ್ಲಿ ಸಿಕ್ಕವು. ಧಾರೆಯ ಫೋಟೋಗಳು ಸಿಗಲೇ ಇಲ್ಲ. ಅದೇ ಅಣ್ಣನ ಹೆಂಡತಿ ಈ ಅತ್ತಿಗೆ, ಹಾಗಾಗಿ ಅವರ ಲ್ಯಾಪ್‌ಟಾಪ್ ಮುಟ್ಟೋಕೆ ನನಗೆ ಎಷ್ಟು ಧೈರ್ಯ ಬೇಕಾಯಿತು ಅಂತ ನೀವೇ ಊಹಿಸಿಕೊಳ್ಳಿ.

ಆದ್ದರಿಂದ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡಿ. ಕಾಪಿ ಆದಮೇಲೆ ಅದನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ಹತ್ತು ಫೈಲನ್ನಾದರೂ ತೆರೆದು ನೋಡಿ. ಡೆಸ್ಕ್‌ಟಾಪ್ ಮೇಲೆ ಚೆಲ್ಲಾಡಿರೋದು, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಇವೆಲ್ಲ ಸಿ ಡ್ರೈವಿನಲ್ಲಿ ನಿಮ್ಮ ಹೆಸರಿನ ಫೋಲ್ಡರಿನ ಒಳಗಿರುತ್ತವೆ, ಮರೆಯಬೇಡಿ. ಒನ್‌ಡ್ರೈವ್ ಬಳಸೋರು ಇನ್ನೂ ಹುಷಾರಾಗಿರಬೇಕು. ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ಆ ಫೈಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲ, ಬರೀ ಹೆಸರು ಮಾತ್ರ ಇದೆ. ರೈಟ್ ಕ್ಲಿಕ್ ಮಾಡಿ "ಈ ಸಾಧನದಲ್ಲಿ ಯಾವಾಗಲೂ ಇಟ್ಟುಕೋ" ಅನ್ನೋ ಆಯ್ಕೆ ಕೊಟ್ಟು, ಪೂರ್ತಿ ಇಳಿದ ಮೇಲೆ ಕಾಪಿ ಮಾಡಿ.

ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನೂ ಖಾತೆಗೆ ಸಿಂಕ್ ಮಾಡಿ ಅಥವಾ ಫೈಲಾಗಿ ತೆಗೆದಿಟ್ಟುಕೊಳ್ಳಿ. ಇನ್ನೊಂದು, ಬಿಟ್‌ಲಾಕರ್. ಈಚಿನ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದ ಹಾಗೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕೋ ಯೋಚನೆ ಇದ್ದರೆ, ಮೈಕ್ರೋಸಾಫ್ಟ್ ಖಾತೆಗೆ ಹೋಗಿ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಕಾಗದದ ಮೇಲೆ. ಆಮೇಲೆ ಬೀಗ ತೆಗೆಯಿರಿ. ಹಾಗೇ ಪವರ್ ಸೆಟ್ಟಿಂಗಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗೋದಿಲ್ಲ, ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸಿನಿಂದ ಆ ಡ್ರೈವಿನೊಳಗೆ ಏನೂ ಬರೆಯೋಕೆ ಆಗೋದಿಲ್ಲ.

ಪೆನ್‌ಡ್ರೈವ್ ತಯಾರಿ

8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರೋದೆಲ್ಲ ಅಳಿಸಿಹೋಗುತ್ತದೆ. ಮಿಂಟ್‌ನ ಅಧಿಕೃತ ಸೈಟಿನಿಂದ ಐಎಸ್‌ಒ ಫೈಲ್ (ಇಡೀ ಮಿಂಟ್ ಒಂದೇ ಫೈಲಾಗಿ ಇರೋದು) ಇಳಿಸಿ, ಸುಮಾರು 3 ಜಿಬಿ ಇರುತ್ತದೆ, ಮೊಬೈಲ್ ಡೇಟಾದಲ್ಲಿ ಇಳಿಸೋರು ದಿನದ ಪ್ಯಾಕ್ ನೋಡಿಕೊಳ್ಳಿ. ಇಳಿದ ಮೇಲೆ ಚೆಕ್‌ಸಮ್, ಅಂದರೆ ಫೈಲ್ ಸರಿಯಾಗಿದೆಯೋ ಇಲ್ಲವೋ ಅಂತ ತೋರಿಸೋ ಸಂಖ್ಯೆ, ಹೋಲಿಸಿ ನೋಡಿ. ವಿಂಡೋಸಿನಲ್ಲಿ 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಸಿಆರ್‌ಸಿ ಎಸ್‌ಎಚ್‌ಎ ಅನ್ನೋ ಸಾಲು ಬರುತ್ತದೆ. ಅಲ್ಲಿ ಎಸ್‌ಎಚ್‌ಎ-256 ಒತ್ತಿದರೆ ಉದ್ದನೆಯ ಸಂಖ್ಯೆ ಕೊಡುತ್ತದೆ, ಅದು ಸೈಟಿನಲ್ಲಿ ಕೊಟ್ಟಿರೋದಕ್ಕೆ ಹೊಂದಬೇಕು. ಇದೇನು ಅತಿ ಅಂತ ಅನ್ನಿಸಬಹುದು. 2016ರ ಫೆಬ್ರವರಿಯಲ್ಲಿ ಯಾರೋ ಮಿಂಟ್‌ನ ಸೈಟಿಗೇ ನುಗ್ಗಿ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು ಇಟ್ಟಿದ್ದ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಅಷ್ಟು ದೊಡ್ಡದು ಆಗದಿದ್ದರೂ, ನೆಟ್ ಮಧ್ಯೆ ಮಧ್ಯೆ ಕೈಕೊಟ್ಟು ಫೈಲ್ ಹಾಳಾಗೋದು ನಮ್ಮ ಕಡೆ ಮಾಮೂಲಿ. ಹಾಳಾದ ಐಎಸ್‌ಒ ಅರ್ಧ ದಾರಿಯಲ್ಲಿ ಕೂತುಬಿಟ್ಟರೆ ಕಾರಣ ಹುಡುಕೋದೇ ಒಂದು ದಿನದ ಕೆಲಸ.

ರೂಫಸ್ ಅಥವಾ ಎಚರ್ ಅನ್ನೋ ಸಾಫ್ಟ್‌ವೇರ್ ಬಳಸಿ ಐಎಸ್‌ಒವನ್ನು ಪೆನ್‌ಡ್ರೈವಿಗೆ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗೋದಿಲ್ಲ, ಅಂದರೆ ಅದರಿಂದ ಲ್ಯಾಪ್‌ಟಾಪ್ ಶುರುವಾಗೋದಿಲ್ಲ.

ಈಗ ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀಯನ್ನು ಟಪಟಪ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯೋಸ್ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗುಗಳ ಜಾಗ) ಒಳಗೆ ಹೋಗಿ ಆನ್ ಮಾಡಬೇಕಾಗುತ್ತದೆ. ಒಂದು ಸಲ ತಪ್ಪಿ ವಿಂಡೋಸ್ ಶುರುವಾದರೆ ಬೇಜಾರಾಗಬೇಡಿ, ಎಲ್ಲರಿಗೂ ಎರಡು ಮೂರು ಸಲ ತಪ್ಪುತ್ತದೆ.

ಮಿಂಟ್ ನೇರವಾಗಿ ಪೆನ್‌ಡ್ರೈವಿನಿಂದಲೇ ಓಡುತ್ತದೆ, ಡಿಸ್ಕನ್ನು ಮುಟ್ಟೋದೇ ಇಲ್ಲ. ಇಲ್ಲಿ ಆತುರ ಬೇಡ. ಒಂದು ಲೋಟ ಕಾಫಿ ಇಟ್ಟುಕೊಂಡು ಅರ್ಧ ಗಂಟೆ ಆಡಿ ನೋಡಿ. ವೈಫೈ ಸಿಗುತ್ತದಾ, ಸದ್ದು ಬರುತ್ತದಾ, ಕ್ಯಾಮೆರಾ ಓಡುತ್ತದಾ, ಬೆಳಕು ಕಮ್ಮಿ ಜಾಸ್ತಿ ಆಗುತ್ತದಾ, ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರವಾಗುತ್ತದಾ. ಬೆರಳಚ್ಚಿನ ಬಟನ್ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಕೆಲಸ ಮಾಡೋದಿಲ್ಲ, ಅದನ್ನು ಮರೆತುಬಿಡಿ. ವೈಫೈ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್ಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಫೋನಿನ ಇಂಟರ್ನೆಟ್ಟೇ ಲ್ಯಾಪ್‌ಟಾಪಿಗೆ ಬರುತ್ತದೆ. ಮಿಂಟ್ ಹಾಕಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈ ಡ್ರೈವರನ್ನು ಅದೇ ಹುಡುಕಿ ಕೊಡುತ್ತದೆ, ಹೆಚ್ಚಿನ ಸಲ.

ಹಾಕೋದು

ಡೆಸ್ಕ್‌ಟಾಪ್ ಮೇಲಿರೋ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ ಇಂಗ್ಲಿಷೇ ಇರಲಿ ಅಂತ ನನ್ನ ಸಲಹೆ. ಕನ್ನಡದ ಮೆನು ಬೇಡ ಅಂತಲ್ಲ. ಏನಾದರೂ ತೊಂದರೆಯಾಗಿ ಹುಡುಕುವಾಗ ಉತ್ತರಗಳೆಲ್ಲ ಇಂಗ್ಲಿಷ್ ಮೆನು ಹೆಸರಿನಲ್ಲೇ ಇರುತ್ತವೆ, ಅದಕ್ಕೆ. ಕೀಬೋರ್ಡ್ ಇಂಗ್ಲಿಷ್ ಯುಎಸ್. ರೂಪಾಯಿ ಚಿಹ್ನೆ ಬೇಕಾದವರು ಇಂಡಿಯಾ, ರೂಪಾಯಿ ಸಹಿತ ಅನ್ನೋದನ್ನು ಆರಿಸಿದರೆ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದಾಗ ₹ ಬರುತ್ತದೆ. ಮಲ್ಟಿಮೀಡಿಯಾ ಕೋಡೆಕ್ ಅನ್ನೋ ಚೌಕಕ್ಕೆ ಟಿಕ್ ಹಾಕಿ, ಇಲ್ಲದಿದ್ದರೆ ಆಮೇಲೆ ಕೆಲವು ವಿಡಿಯೋಗಳು ಓಡೋದಿಲ್ಲ. ಸಮಯದ ನಕ್ಷೆಯಲ್ಲಿ ನಮ್ಮ ದೇಶದ ಮೇಲೆ ಒತ್ತಿದರೆ ಕೋಲ್ಕತ್ತಾ ಅಂತ ಬರುತ್ತದೆ, ಅದೇ ಸರಿ.

ನಿಜವಾಗಿ ಉಸಿರು ಬಿಗಿಹಿಡಿಯಬೇಕಾದ್ದು ಇನ್‌ಸ್ಟಾಲೇಶನ್ ಟೈಪ್ ಅನ್ನೋ ಪುಟದಲ್ಲಿ. "ವಿಂಡೋಸ್ ಪಕ್ಕದಲ್ಲಿ ಹಾಕು" ಅಂದರೆ ಎರಡೂ ಇರುತ್ತವೆ, ಪ್ರತಿ ಸಲ ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತದೆ. "ಡಿಸ್ಕ್ ಅಳಿಸು" ಅಂದರೆ ಆಗಲೇ ಹೇಳಿದೆನಲ್ಲ. ಮೊದಲ ಸಲ ಹೋಗೋರಿಗೆ ಪಕ್ಕದಲ್ಲಿ ಹಾಕಿಕೊಳ್ಳೋದು ಧೈರ್ಯ ಕೊಡುತ್ತದೆ, ಆದರೆ 128 ಜಿಬಿ ಡಿಸ್ಕಿನಲ್ಲಿ ಎರಡಕ್ಕೂ ಉಸಿರು ಕಟ್ಟುತ್ತದೆ. ಮಿಂಟ್‌ಗೆ ಕನಿಷ್ಠ 20 ಜಿಬಿ ಬೇಕು, ನೆಮ್ಮದಿಯಾಗಿ ಇರೋಕೆ 100 ಜಿಬಿ. ಜಾಗ ಬಿಡಿಸೋದಾದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಸಿ ಡ್ರೈವನ್ನು ಕುಗ್ಗಿಸಿಕೊಂಡು ಬನ್ನಿ. ಅತ್ತಿಗೆಯದಕ್ಕೆ ಹೊಸ ಎಸ್‌ಎಸ್‌ಡಿ ಹಾಕಿದ್ದರಿಂದ ಈ ರಗಳೆಯೇ ಇರಲಿಲ್ಲ, ಹಳೇ ಹಾರ್ಡ್ ಡಿಸ್ಕನ್ನು ವಿಂಡೋಸ್ ಸಮೇತ ಒಂದು ಕವರಿಗೆ ಹಾಕಿ ಬೀರುವಿನಲ್ಲಿ ಇಟ್ಟೆವು. ಸಾಧ್ಯವಿದ್ದವರು ಹೀಗೇ ಮಾಡಿ. ಇದಕ್ಕಿಂತ ಒಳ್ಳೆಯ ಬ್ಯಾಕಪ್ ಇಲ್ಲ, ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿಯಿಂದ ಬರೋ ವೇಗ ಯಾವ ಓಎಸ್‌ನಿಂದಲೂ ಬರೋದಿಲ್ಲ.

ಕೆಲವು ಲ್ಯಾಪ್‌ಟಾಪುಗಳಲ್ಲಿ, ಅದರಲ್ಲೂ 11ನೇ ತಲೆಮಾರಿನಿಂದ ಈಚೆಗಿನ ಇಂಟೆಲ್‌ನಲ್ಲಿ, ಮಿಂಟ್‌ಗೆ ಡಿಸ್ಕೇ ಕಾಣಿಸೋದಿಲ್ಲ. ಡಿಸ್ಕ್ ಕೆಟ್ಟಿಲ್ಲ. ಬಯೋಸಿನಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ಅಥವಾ ವಿಎಂಡಿ ಅಂತ ಇರುತ್ತದೆ, ಅದನ್ನು ಎಎಚ್‌ಸಿಐ ಮಾಡಬೇಕು. ಆದರೆ ವಿಂಡೋಸ್ ಉಳಿಸಿಕೊಳ್ಳೋರು ಇದನ್ನು ಹಾಗೇ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗೋದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡಿನಲ್ಲಿ ಶುರುವಾಗೋ ಹಾಗೆ ಮಾಡಿ, ಆಮೇಲೆ ಬಯೋಸಿನಲ್ಲಿ ಬದಲಾಯಿಸಿ, ಒಂದು ಸಲ ಸೇಫ್ ಮೋಡಿಗೆ ಹೋಗಿ ಬರಬೇಕು. ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ಸೆಟ್ಟಿಂಗನ್ನು ಮಾತ್ರ ಆಫ್ ಮಾಡೋ ಅಗತ್ಯ ಸಾಮಾನ್ಯವಾಗಿ ಇಲ್ಲ.

ಮೊದಲ ದಿನ

ಮಿಂಟ್ ತೆರೆದಾಗ ಸ್ವಾಗತದ ಕಿಟಕಿ ಬರುತ್ತದೆ. ಅದರಲ್ಲಿ ಟೈಮ್‌ಶಿಫ್ಟ್ ಅಂತ ಇದೆ, ಮೊದಲು ಅದನ್ನು ಹೊಂದಿಸಿ. ಏನೋ ಮಾಡೋಕೆ ಹೋಗಿ ಏನೋ ಆದಾಗ ಸಿಸ್ಟಮನ್ನು ನಿನ್ನೆಯ ಸ್ಥಿತಿಗೆ ತಿರುಗಿಸೋದು ಅದೇ. ಆದರೆ ಅದು ನಿಮ್ಮ ಫೋಟೋ, ಫೈಲುಗಳನ್ನು ಕಾಯೋದಿಲ್ಲ, ಅದಕ್ಕೆ ಬೇರೆ ಬ್ಯಾಕಪ್ ಬೇಕು. ಆಮೇಲೆ ಅಪ್‌ಡೇಟ್ ಮ್ಯಾನೇಜರ್, ಆಮೇಲೆ ಡ್ರೈವರ್ ಮ್ಯಾನೇಜರ್.

ಎಲ್ಲಕ್ಕಿಂತ ಕಷ್ಟ ಬಿಡೋ ಚಟ ಅಂದರೆ ಗೂಗಲ್‌ನಲ್ಲಿ ಸಾಫ್ಟ್‌ವೇರ್ ಹುಡುಕಿ ಇಎಕ್ಸ್‌ಇ ಇಳಿಸಿ ನೆಕ್ಸ್ಟ್ ನೆಕ್ಸ್ಟ್ ಒತ್ತೋದು. ಇಲ್ಲಿ ಹಾಗಿಲ್ಲ. ಫೋನಿನ ಪ್ಲೇ ಸ್ಟೋರ್ ಥರ ಸಾಫ್ಟ್‌ವೇರ್ ಮ್ಯಾನೇಜರ್ ಇದೆ, ಬೇಕಾದ್ದು ಅಲ್ಲೇ ಹುಡುಕಿ. ಕ್ರೋಮ್ ಬೇಕೇ ಬೇಕು ಅನ್ನೋರು ಅದರ ಸೈಟಿನಿಂದ ಡೆಬ್ ಫೈಲ್ ಇಳಿಸಿ ಎರಡು ಸಲ ಒತ್ತಿದರೆ ಮುಗಿಯಿತು. ವಾಟ್ಸಾಪಿಗೆ ವೆಬ್ ಆ್ಯಪ್ಸ್ ಅನ್ನೋ ಸಣ್ಣ ಸಾಧನ ಮಿಂಟಿನಲ್ಲೇ ಬರುತ್ತದೆ, ವಾಟ್ಸಾಪ್ ವೆಬ್ಬನ್ನು ಅದು ಬೇರೆ ಕಿಟಕಿಯಾಗಿ, ಬೇರೆ ಐಕಾನಾಗಿ ಮಾಡಿಕೊಡುತ್ತದೆ. ಸಿ ಎಲ್ಲಿ, ಡಿ ಎಲ್ಲಿ ಅಂತ ಹುಡುಕಬೇಡಿ, ಇಲ್ಲಿ ಅವಿಲ್ಲ. ಹೋಮ್ ಅನ್ನೋ ಒಂದೇ ಫೋಲ್ಡರ್, ನಿಮ್ಮದೆಲ್ಲ ಅದರೊಳಗೆ.

ಕನ್ನಡ ಟೈಪಿಂಗ್

ಇಲ್ಲಿಗೆ ಬಂದಾಗಲೇ ಅತ್ತಿಗೆಯ ಮುಖ ಸಪ್ಪಗಾಗಿದ್ದು. ಅವರು ನುಡಿಯಲ್ಲಿ ಟೈಪ್ ಮಾಡಿ ಮಾಡಿ ಬೆರಳಿಗೆ ಅಭ್ಯಾಸವಾದವರು. ನುಡಿ ತಂತ್ರಾಂಶ ವಿಂಡೋಸಿನದು. ಆದರೆ ಅವರ ಬೆರಳಿಗೆ ಗೊತ್ತಿರೋದು ನುಡಿಯ ಕೀಲಿಮಣೆ ವಿನ್ಯಾಸ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸ, ಕಗಪ ಅಂತ ಎಲ್ಲರೂ ಕರೆಯೋದು. ಆ ವಿನ್ಯಾಸ ಲಿನಕ್ಸಿನಲ್ಲೂ ಇದೆ.

ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಬೇರೆ ಭಾಷೆ ಟೈಪ್ ಮಾಡಿಸೋ ಐಬಸ್ ಮತ್ತು ಐಬಸ್-ಎಂ17ಎನ್ ಎರಡನ್ನೂ ಹಾಕಿಕೊಳ್ಳಿ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ, ಲಾಗ್ ಔಟ್ ಮಾಡಿ ಮತ್ತೆ ಲಾಗಿನ್ ಆಗಿ. ಇದನ್ನು ಬಿಟ್ಟು "ಏನೂ ಆಗ್ತಿಲ್ಲ" ಅನ್ನೋರು ಬಹಳ. ಆಮೇಲೆ ಐಬಸ್ ಪ್ರಿಫರೆನ್ಸಸ್ ತೆರೆದು, ಇನ್‌ಪುಟ್ ಮೆಥಡ್ ಪುಟದಲ್ಲಿ ಆ್ಯಡ್ ಒತ್ತಿ, ಪಟ್ಟಿಯಲ್ಲಿ ಕನ್ನಡ ಹುಡುಕಿ, ಅದರೊಳಗೆ ಕೆಜಿಪಿ (ಅದೇ ಕಗಪ) ಅಂತ ಇರೋದನ್ನು ಸೇರಿಸಿ. ಬರಹ ತಂತ್ರಾಂಶದಲ್ಲಿ ಮಾಡೋ ಹಾಗೆ ಇಂಗ್ಲಿಷ್ ಉಚ್ಚಾರಣೆಯಲ್ಲಿ ಟೈಪ್ ಮಾಡೋರಿಗೆ ಐಟ್ರಾನ್ಸ್ ಹತ್ತಿರವಾಗುತ್ತದೆ, ಪೂರ್ತಿ ಅದೇ ಅಲ್ಲ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಮಿಂಟ್‌ನ ಆವೃತ್ತಿ ಬದಲಾದ ಹಾಗೆ ಮೆನುಗಳ ಜಾಗ ಒಂಚೂರು ಆಚೀಚೆ ಆಗಬಹುದು, ಹೆಸರುಗಳು ಇವೇ.

ಈಗ ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ವಾಪಸ್. ಅತ್ತಿಗೆ ಹೆದರಿಕೊಂಡೇ ಒಂದೊಂದಾಗಿ ಒತ್ತಿದರು. ಕೆ, ಎನ್, ಎಫ್, ಎನ್, ಡಬ್ಲ್ಯೂ. ತೆರೆಯ ಮೇಲೆ "ಕನ್ನಡ" ಅಂತ ಬಂತು. ಎಫ್ ಒತ್ತಿದರೆ ಒತ್ತಕ್ಷರ, ಡಬ್ಲ್ಯೂಗೆ ಡ, ಕ್ಯೂಗೆ ಟ, ಎಲ್ಲಾ ಅವರಿಗೆ ಗೊತ್ತಿದ್ದ ಹಾಗೇ. "ಇದು ನಮ್ದೇ ಅಲ್ವೇನೋ!" ಅಂದರು.

ಅಕ್ಷರದ ವಿಷಯಕ್ಕೆ ಬಂದರೆ, ವಿಂಡೋಸಿನ ತುಂಗಾ, ನಿರ್ಮಲಾ ಇಲ್ಲಿ ಇರೋದಿಲ್ಲ. ನೋಟೋದ ಕನ್ನಡ ಫಾಂಟ್ ಇದೆ, ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಸಿಗುತ್ತವೆ. ನನಗೆ ಗುಬ್ಬಿ ಇಷ್ಟ. ಲಿಬ್ರೆಆಫೀಸಿನಲ್ಲಿ ಒಂದು ಮಾತು ನೆನಪಿರಲಿ. ಟೂಲ್ಸ್, ಆಪ್ಷನ್ಸ್ ಒಳಗೆ ಭಾಷೆಯ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ ಕನ್ನಡ ಆರಿಸಿ. ಅದರಲ್ಲಿ ಇಂಗ್ಲಿಷಿಗೆ ಬೇರೆ ಫಾಂಟ್, ಕನ್ನಡಕ್ಕೆ ಬೇರೆ ಫಾಂಟ್ ಅನ್ನೋ ಲೆಕ್ಕ ಇದೆ.

ಹಳೇ ನುಡಿ ಫೈಲುಗಳು

ಹೊಸದಾಗಿ ಟೈಪ್ ಮಾಡೋದು ಸರಿಹೋಯಿತು. ಆಮೇಲೆ ಅತ್ತಿಗೆ ಎಂಟು ವರ್ಷದ ಪ್ರಶ್ನೆಪತ್ರಿಕೆಗಳ ಫೋಲ್ಡರ್ ತೆರೆದರು. "ಕನ್ನಡ" ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರೋ ಎ, ಅದರ ಪಕ್ಕ ಪೌಂಡಿನ ಗುರುತು. ಪುಟ ತುಂಬ ಅದೇ. ಅವರು ಮಾತೇ ಆಡಲಿಲ್ಲ. ನನಗೆ ಧಾರೆಯ ಫೋಟೋ ನೆನಪಾಯಿತು.

ಏನೂ ಹಾಳಾಗಿರಲಿಲ್ಲ. ಹಳೇ ನುಡಿಯ ಆಸ್ಕಿ ಫಾಂಟುಗಳಲ್ಲಿ ಫೈಲಿನೊಳಗೆ ಇರೋದೇ ಈ ಇಂಗ್ಲಿಷ್ ಗುರುತುಗಳು. ಫಾಂಟು ಆ ಪಿಗೆ ಕನ್ನಡದ ವೇಷ ತೊಡಿಸಿ ತೋರಿಸುತ್ತದೆ, ಅಷ್ಟೇ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿಬೀಳುತ್ತದೆ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಹೆಸರಿನ ಫಾಂಟುಗಳನ್ನು ಮೊದಲೇ ಕಾಪಿ ಮಾಡಿಟ್ಟುಕೊಂಡಿದ್ದರೆ, ಲಿನಕ್ಸಿನಲ್ಲಿ ಒಂದೊಂದನ್ನೂ ಎರಡು ಸಲ ಒತ್ತಿ ಇನ್‌ಸ್ಟಾಲ್ ಅಂದರೆ ಸಾಕು. ನಾನು ಕಾಪಿ ಮಾಡಿಟ್ಟಿರಲಿಲ್ಲ. ಬೀರುವಿನಲ್ಲಿದ್ದ ಹಳೇ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಅಲ್ಲಿಂದ ತಂದೆ. ಫಾಂಟ್ ಹಾಕಿ ಲಿಬ್ರೆಆಫೀಸ್ ಮುಚ್ಚಿ ತೆರೆದ ತಕ್ಷಣ ಪ್ರಶ್ನೆಪತ್ರಿಕೆ ಪ್ರತ್ಯಕ್ಷ.

ಇದು ಓದೋಕೆ, ಪ್ರಿಂಟ್ ತೆಗೆಯೋಕೆ ಆಯಿತು. ಅದರೊಳಗೆ ಹೊಸದಾಗಿ ಕನ್ನಡ ಟೈಪ್ ಮಾಡಿದರೆ ಅದು ಯೂನಿಕೋಡ್, ಅಂದರೆ ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಇಡೋ ಪದ್ಧತಿಯಲ್ಲಿರುತ್ತದೆ, ಹಳೇದು ಆಸ್ಕಿ, ಒಂದೇ ಸಾಲಿನಲ್ಲಿ ಎರಡು ಥರ. ಮತ್ತೆ ಮತ್ತೆ ತಿದ್ದಬೇಕಾದ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಲೇಬೇಕು. ಆಸ್ಕಿಯಿಂದ ಯೂನಿಕೋಡಿಗೆ ಪರಿವರ್ತಕಗಳು ಆನ್‌ಲೈನಿನಲ್ಲಿ ಉಚಿತವಾಗಿವೆ. ಪಠ್ಯ ಕಾಪಿ ಮಾಡಿ ಹಾಕಿ, ಬಂದದ್ದನ್ನು ವಾಪಸ್ ತನ್ನಿ. ಎಚ್ಚರ ಬೇಕಾದ್ದು ಎರಡು ಕಡೆ. ಮಧ್ಯೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂತ ತಿಳಿದು ವಿಚಿತ್ರ ಅಕ್ಷರ ಮಾಡಿಬಿಡುತ್ತದೆ. ಮತ್ತೆ ಅರ್ಕಾವತ್ತು, "ವರ್ಷ", "ಅರ್ಥ", "ಕಾರ್ಯ" ಇಂಥ ಪದಗಳನ್ನು ಕಣ್ಣಿಟ್ಟು ನೋಡಿ. ಟೇಬಲ್, ದಪ್ಪಕ್ಷರ ಎಲ್ಲಾ ಹೋಗುತ್ತವೆ, ಮತ್ತೆ ಕೂರಿಸಬೇಕು. ಎಂಟು ವರ್ಷದ್ದನ್ನೂ ಒಂದೇ ಸಲ ಮಾಡೋಕೆ ಹೋಗಬೇಡಿ. ಯಾವ ಫೈಲ್ ಬೇಕಾಗುತ್ತದೋ ಅವತ್ತು ಅದನ್ನು ಬದಲಾಯಿಸಿ, ಹಳೇದನ್ನು ಹಾಗೇ ಇಟ್ಟುಕೊಳ್ಳಿ. ಇನ್ನೊಬ್ಬರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿದರೆ ಫಾಂಟಿನ ತಕರಾರೇ ಇರೋದಿಲ್ಲ.

ಉಳಿದ ಸಣ್ಣಪುಟ್ಟದ್ದು

ಪ್ರಿಂಟರ್: ಎಚ್‌ಪಿಯವು ಹೆಚ್ಚಿನವು ಚುಚ್ಚಿದ ತಕ್ಷಣ ಓಡುತ್ತವೆ. ಹೊಸ ವೈಫೈ ಪ್ರಿಂಟರುಗಳೂ ಅಷ್ಟೇ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣೋ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕ್ಯಾಪ್ಟ್ ಅನ್ನೋ ತನ್ನದೇ ಭಾಷೆ ಮಾತಾಡುತ್ತದೆ, ಅದಕ್ಕೆ ಬೇರೆಯಾಗಿ ಡ್ರೈವರ್ ಹಾಕಿ ಒದ್ದಾಡಬೇಕು. ಅದು ನಿಮ್ಮ ಮನೆಯಲ್ಲಿದ್ದರೆ ಲಿನಕ್ಸ್ ಹಾಕೋ ಮೊದಲೇ ವಿಚಾರಿಸಿ.

ಎರಡೂ ಓಎಸ್ ಇಟ್ಟುಕೊಂಡೋರಿಗೆ ಕೆಲವೊಮ್ಮೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಲ್ಯಾಪ್‌ಟಾಪಿನ ಒಳಗಡಿಯಾರದಲ್ಲಿ ಲಿನಕ್ಸ್ ಗ್ರೀನ್‌ವಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ, ಅಷ್ಟೇ ಜಗಳ. ಲಿನಕ್ಸಿನಲ್ಲಿ ಒಂದೇ ಒಂದು ಆದೇಶ ಕೊಟ್ಟು ಸ್ಥಳೀಯ ಸಮಯ ಇಡೋ ಹಾಗೆ ಮಾಡಬಹುದು. ವಿಂಡೋಸ್‌ದೇ ಯಾವುದೋ ಒಂದು ಸಾಫ್ಟ್‌ವೇರ್ ಬಿಡೋಕೆ ಆಗೋದಿಲ್ಲ ಅನ್ನೋರು, 8 ಜಿಬಿಗಿಂತ ಜಾಸ್ತಿ ರ್‍ಯಾಮ್ ಇದ್ದರೆ, ಲಿನಕ್ಸಿನ ಒಳಗೇ ಇನ್ನೊಂದು ಕಂಪ್ಯೂಟರಿನಂತೆ ಓಡೋ ವರ್ಚುವಲ್‌ಬಾಕ್ಸಿನೊಳಗೆ ವಿಂಡೋಸ್ ಇಟ್ಟುಕೊಳ್ಳಬಹುದು. 4 ಜಿಬಿಯಲ್ಲಿ ಆ ಆಸೆ ಬೇಡ.

ಅತ್ತಿಗೆ ಈಗ ದೀಪಾವಳಿ ರಜೆ ಮುಗಿದ ಮೇಲಿನ ಕಿರುಪರೀಕ್ಷೆಗೆ ಪ್ರಶ್ನೆಪತ್ರಿಕೆ ಮಾಡಿದ್ದು ಮಿಂಟಿನಲ್ಲೇ. ಮೊನ್ನೆ ಫೋನ್ ಮಾಡಿದ್ದರು. ಲಿನಕ್ಸ್ ವಿಷಯ ಇರಬಹುದು ಅಂತ ಹೆದರಿಕೊಂಡು ಎತ್ತಿದೆ. "ಸ್ಟಾಫ್ ರೂಮಿನಲ್ಲಿ ಇನ್ನಿಬ್ರು ಕೇಳ್ತಿದಾರೆ ಕಣೋ, ಭಾನುವಾರ ಬಾ," ಅಂದರು. "ಬರುವಾಗ ಆ ಫಾಂಟ್ ಪೆನ್‌ಡ್ರೈವ್ ಮರೀಬೇಡ."